ಎಂಪೈರ್ ಸೈನ್ಯದಲ್ಲಿ ಕಾಲಾಳು ಮತ್ತು ಕುದುರೆ ತುಕಡಿಗಳ ಬೆಲೆ ಅಳೆಯುವುದು ಹೇಗೆ?

ಪ್ರಶ್ನೆ: ಹೊಸ_ಮೇಜು

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಸ್ನೇಹಿತನೂ ಕಳೆದ ಎಂಟು ತಿಂಗಳಿಂದ ಬೆಂಗಳೂರಿನಲ್ಲಿ, ನಮ್ಮ ಮನೆಯ ಊಟದ ಮೇಜಿನ ಮೇಲೆ, ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್ ಎಂಬ, ಬೊಂಬೆ ಸೈನ್ಯಗಳನ್ನು ದಾಳ ಎಸೆದು ಕಾದಾಡಿಸುವ ಆಟವನ್ನು ಆಡುತ್ತಿದ್ದೇವೆ. ನಾವು ಬಳಸುತ್ತಿರುವುದು 2010ರ ಎಂಟನೆಯ ಆವೃತ್ತಿಯ ನಿಯಮಗಳನ್ನು ಮತ್ತು 2012ರ ಎಂಪೈರ್ ಆರ್ಮಿ ಬುಕ್ಕನ್ನು (ಎಂಪೈರ್ ಎಂಬ ಸೈನ್ಯದ ತುಕಡಿಗಳ ಗುಣ, ಬೆಲೆಗಳ ಪುಸ್ತಕ). ಇಬ್ಬರ ಬಳಿಯೂ ಇರುವುದು ಎಂಪೈರ್ ಬೊಂಬೆಗಳೇ ಆದ್ದರಿಂದ ಒಬ್ಬರು ರೈಕ್‌ಲ್ಯಾಂಡ್, ಇನ್ನೊಬ್ಬರು ಮಿಡನ್‌ಲ್ಯಾಂಡ್ ಎಂದು ಹಂಚಿಕೊಂಡು, ಅಂತರ್ಯುದ್ಧವೆಂದು ಭಾವಿಸಿ ತಲಾ 2000 ಪಾಯಿಂಟ್ ಬೆಲೆಯ ಸೈನ್ಯಗಳಿಂದ ಆಟಗಳನ್ನು ಆಡುತ್ತೇವೆ.

ತುಕಡಿಗಳನ್ನು ಆರಿಸಲು ನಾನು ಒಂದು ಅಳತೆಯನ್ನು ಮಾಡಿಕೊಂಡಿದ್ದೆ. ಎದುರಾಳಿಯ ಹಾಲ್ಬರ್ಡಿಯರ್‌ಗಳ (ಉದ್ದ ಹಿಡಿಯ ಕೊಡಲಿ ಹಿಡಿದ ಕಾಲಾಳುಗಳ) ಮೇಲೆ ಎದುರಿನಿಂದ ನುಗ್ಗಿದ ಮೊದಲ ಸುತ್ತಿನಲ್ಲಿ ಪ್ರತಿ 100 ಪಾಯಿಂಟಿಗೆ ಸರಾಸರಿ ಎಷ್ಟು ಮಂದಿ ಬೀಳುತ್ತಾರೆ ಎಂಬುದೇ ಆ ಅಳತೆ. ಅದರ ಪ್ರಕಾರ ತಲಾ 22 ಪಾಯಿಂಟಿನ ಐದು ನೈಟ್‌ಗಳು (ಕುದುರೆ ಸವಾರರು) 3.8 ಮಂದಿಯನ್ನು ಕೊಲ್ಲುತ್ತಾರೆ, ಅಂದರೆ 100 ಪಾಯಿಂಟಿಗೆ ಸುಮಾರು 3.5. ತಲಾ 58 ಪಾಯಿಂಟಿನ ಮೂರು ಡೆಮಿಗ್ರಿಫ್ ನೈಟ್‌ಗಳು (ದೊಡ್ಡ ಮೃಗಗಳ ಮೇಲಿನ ಸವಾರರು) 9.2 ಮಂದಿಯನ್ನು ಕೊಲ್ಲುತ್ತಾರೆ, ಅಂದರೆ 100 ಪಾಯಿಂಟಿಗೆ 5.3. ತಲಾ 6 ಪಾಯಿಂಟಿನ 40 ಹಾಲ್ಬರ್ಡಿಯರ್‌ಗಳು ಐವರ ಸಾಲಿನಲ್ಲಿ ನಿಂತಾಗ ಕೊಲ್ಲುವುದು 3.3 ಮಂದಿಯನ್ನು ಮಾತ್ರ, ಅಂದರೆ 100 ಪಾಯಿಂಟಿಗೆ 1.4. ಈ ಲೆಕ್ಕವನ್ನು ನಂಬಿ ಕಾಲಾಳುಗಳನ್ನು ಕಡಿಮೆ ಮಾಡಿ, ಆ ಪಾಯಿಂಟುಗಳನ್ನೆಲ್ಲ ಕುದುರೆಗಳಿಗೆ ಹಾಕಿದೆ. ಆ ಬಳಿಕ ಸತತವಾಗಿ ನಾಲ್ಕು ಆಟಗಳನ್ನು ಸೋತಿದ್ದೇನೆ.

ಸೋಲು ಒಂದೇ ಬಗೆಯಾಗಿತ್ತು. ನನ್ನ ನೈಟ್‌ಗಳು ಎದುರಾಳಿಯ ಆಳವಾದ ಹಾಲ್ಬರ್ಡಿಯರ್ ತುಕಡಿಗೆ ಹೋಗಿ ಹೊಡೆದು, ಮೊದಲ ಸುತ್ತನ್ನು ಗೆದ್ದು, ಅಲ್ಲಿಯೇ ಸಿಕ್ಕಿಬಿದ್ದು, ಮುಂದಿನ ಸುತ್ತುಗಳಲ್ಲಿ ಓಡಿಹೋಗುತ್ತಿದ್ದರು. ನನ್ನ ಬಳಿ ಉಳಿದಿದ್ದ ಕಾಲಾಳುಗಳು ಡೆಮಿಗ್ರಿಫ್‌ಗಳ ಮುಂದೆ ಸುತ್ತು ಸೋತಾಗ ಓಡದೆ ನಿಲ್ಲಲು ಎಸೆಯುವ ಮೊದಲನೆಯ ಬ್ರೇಕ್ ಟೆಸ್ಟಿನಲ್ಲಿಯೇ ಸೋಲುತ್ತಿದ್ದರು. ನನ್ನ ಲೆಕ್ಕದ ಅಂಕಿಗಳು ತಪ್ಪಲ್ಲ ಎಂದು ಎರಡು ಬಾರಿ ಪರಿಶೀಲಿಸಿದ್ದೇನೆ. ಹಾಗಿದ್ದರೆ ಅಳತೆಯೇ ತಪ್ಪೇ? ಒಂದು ತುಕಡಿ ತನ್ನ ಪಾಯಿಂಟಿಗೆ ತಕ್ಕದ್ದೇ ಎಂದು ಬಲ್ಲವರು ಹೇಗೆ ನಿರ್ಣಯಿಸುತ್ತೀರಿ? ಉದಾಹರಣೆಯ ಸಹಿತ ವಿವರಿಸಿದರೆ ಉಪಕಾರವಾಗುತ್ತದೆ.


ಉತ್ತರ: ದಾಳದ_ಲೆಕ್ಕ

ನಿಮ್ಮ ಅಂಕಿಗಳು ಸರಿಯಾಗಿಯೇ ಇವೆ. ನೀವು ಅಳೆದದ್ದು ಒಂದು ಸುತ್ತನ್ನು ಮಾತ್ರ, ಅದೂ ನಿಮ್ಮ ತುಕಡಿ ತಾನಾಗಿ ನುಗ್ಗಿದ ಸುತ್ತನ್ನು. ಆಟದಲ್ಲಿ ಆರು ಸರದಿಗಳಿವೆ, ಪ್ರತಿ ಸರದಿಯಲ್ಲಿ ಇಬ್ಬರು ಆಟಗಾರರ ಪಾಳಿಯಲ್ಲೂ ಕಾಳಗ ನಡೆಯುತ್ತದೆ. ಆದ್ದರಿಂದ ನಾನು ಯಾವುದೇ ತುಕಡಿಯ ಬಗ್ಗೆ ಮೊದಲು ಕೇಳುವ ಪ್ರಶ್ನೆ, ಅದು ಎಷ್ಟು ಸುತ್ತು ಕಾಳಗದಲ್ಲಿ ನಿಲ್ಲುತ್ತದೆ ಎಂಬುದು.

ನಿಮ್ಮನ್ನು ಕಾಡಿದ ಸಂದರ್ಭವನ್ನೇ ತೆಗೆದುಕೊಳ್ಳೋಣ. ಐವರ ಸಾಲಿನಲ್ಲಿ ಎಂಟು ಸಾಲು ಆಳವಾಗಿ ನಿಂತ 40 ಹಾಲ್ಬರ್ಡಿಯರ್‌ಗಳ ಮೇಲೆ ಮೂರು ಡೆಮಿಗ್ರಿಫ್‌ಗಳು ನುಗ್ಗುತ್ತವೆ ಎಂದುಕೊಳ್ಳಿ. ಮೃಗಗಳ ಒಂಬತ್ತು ಹೊಡೆತಗಳಲ್ಲಿ ಐದು ಗಾಯ, ಸವಾರರ ಲ್ಯಾನ್ಸ್‌ಗಳಿಂದ (ಈಟಿಗಳಿಂದ) 1.7, ಸ್ಟಾಂಪ್‌ನಿಂದ (ಮೃಗಗಳ ತುಳಿತದಿಂದ) 2.5, ಒಟ್ಟು 9.2. ಎರಡನೆಯ ಸುತ್ತಿನಿಂದ ಲ್ಯಾನ್ಸಿನ ಬಲ ಇರುವುದಿಲ್ಲವಾದರೂ ಇದು ಸುಮಾರು 8.8ಕ್ಕೆ ಮಾತ್ರ ಇಳಿಯುತ್ತದೆ, ಏಕೆಂದರೆ ಕೊಲ್ಲುವ ಕೆಲಸದ ಬಹುಪಾಲನ್ನು ಮಾಡುವುದು ಮೃಗಗಳೇ. ಹೀಗೆ ಸುತ್ತಿಗೆ ಒಂಬತ್ತು ಮಂದಿಯಂತೆ 40 ಜನ 31 ಆಗುತ್ತಾರೆ, ಬಳಿಕ 22, ಬಳಿಕ 13. ಹದಿಮೂರು ಮಂದಿ ಉಳಿದಾಗಲೂ ಎರಡು ತುಂಬಿದ ಸಾಲುಗಳಿರುತ್ತವೆ, ಡೆಮಿಗ್ರಿಫ್‌ಗಳದ್ದು ಒಂದೇ ಸಾಲು. ಅಂದರೆ ಮೂರು ಸುತ್ತುಗಳ ತನಕ ಹಾಲ್ಬರ್ಡಿಯರ್‌ಗಳು ಸ್ಟೆಡ್‌ಫಾಸ್ಟ್ (ಎದುರಾಳಿಗಿಂತ ಹೆಚ್ಚು ತುಂಬಿದ ಸಾಲುಗಳಿರುವ ಸ್ಥಿತಿ) ಆಗಿಯೇ ಇರುತ್ತಾರೆ. ಎಷ್ಟೇ ದೊಡ್ಡ ಅಂತರದಲ್ಲಿ ಸೋತರೂ ಲೀಡರ್‌ಶಿಪ್ಪಿನಿಂದ (ತುಕಡಿಯ ಧೈರ್ಯದ ಅಂಕಿಯಿಂದ) ಏನನ್ನೂ ಕಳೆಯದೆ ಬ್ರೇಕ್ ಟೆಸ್ಟ್ ಮಾಡುತ್ತಾರೆ.

ಇಲ್ಲಿ ನಿಜವಾದ ಸಂಗತಿ ಬರುತ್ತದೆ. ಹಾಲ್ಬರ್ಡಿಯರ್‌ಗಳ ಸ್ವಂತ ಲೀಡರ್‌ಶಿಪ್ 7. ಎರಡು ದಾಳಗಳಲ್ಲಿ ಏಳು ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಾಧ್ಯತೆ 36ರಲ್ಲಿ 21, ಅಂದರೆ ಶೇಕಡ 58. ಮೂರು ಸುತ್ತು ಸತತವಾಗಿ ನಿಲ್ಲುವ ಸಾಧ್ಯತೆ ಶೇಕಡ 20ಕ್ಕೆ ಇಳಿಯುತ್ತದೆ. ಸೈನ್ಯದ ಮುಖ್ಯ ಧ್ವಜಧಾರಿ 12 ಇಂಚಿನೊಳಗೆ ಇದ್ದು ಸೋತ ಟೆಸ್ಟನ್ನು ಮತ್ತೊಮ್ಮೆ ಎಸೆಯಲು ಅವಕಾಶವಾದರೆ ಪ್ರತಿ ಟೆಸ್ಟಿನ ಸಾಧ್ಯತೆ ಶೇಕಡ 83 ಆಗುತ್ತದೆ, ಮೂರು ಸುತ್ತಿಗೆ ಶೇಕಡ 56. ಅದರ ಜೊತೆಗೆ ಲೀಡರ್‌ಶಿಪ್ 9 ಇರುವ ಜನರಲ್ ಕೂಡ 12 ಇಂಚಿನೊಳಗೆ ಇದ್ದು ಅವರ ಲೀಡರ್‌ಶಿಪ್ ಬಳಸಿದರೆ ಪ್ರತಿ ಟೆಸ್ಟ್ ಶೇಕಡ 97, ಮೂರು ಸುತ್ತಿಗೆ ಶೇಕಡ 92. ಅದೇ 40 ಬೊಂಬೆಗಳು, ಅದೇ 240 ಪಾಯಿಂಟ್. ಐದು ಬಾರಿಯಲ್ಲಿ ಒಮ್ಮೆ ನಿಲ್ಲುತ್ತಿದ್ದವರು ಹತ್ತರಲ್ಲಿ ಒಂಬತ್ತು ಬಾರಿ ನಿಲ್ಲುತ್ತಾರೆ. ನಿಮ್ಮ ಅಳತೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ, ಏಕೆಂದರೆ ಇದು ತುಕಡಿಯ ಪುಟದಲ್ಲಿ ಬರೆದಿರುವ ಗುಣವಲ್ಲ, ಅದು ನಿಂತ ಜಾಗದಿಂದ ಬರುವ ಗುಣ. ನಿಮ್ಮ ಕಾಲಾಳುಗಳು ಮೊದಲ ಟೆಸ್ಟಿನಲ್ಲಿಯೇ ಓಡಿದರು ಎಂದಿರಿ. ಆಗ ಜನರಲ್ ಎಲ್ಲಿದ್ದರು ಎಂಬುದನ್ನು ದಯವಿಟ್ಟು ನೆನಪಿಸಿಕೊಳ್ಳಿ. ಬಹುಶಃ ನೈಟ್‌ಗಳ ಜೊತೆ ಸವಾರಿ ಹೋಗಿದ್ದರು.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಈ ಮೂರು ಸುತ್ತುಗಳಲ್ಲಿ ಹಾಲ್ಬರ್ಡಿಯರ್‌ಗಳು ಡೆಮಿಗ್ರಿಫ್‌ಗಳಿಗೆ ಮಾಡುವ ಹಾನಿ ಅತ್ಯಲ್ಪ. ಹಿಟ್ ಆಗಲು 4+ (ಅಂದರೆ ದಾಳದಲ್ಲಿ ನಾಲ್ಕು ಅಥವಾ ಹೆಚ್ಚು), ಗಾಯವಾಗಲು 4+, ಕವಚದಿಂದ ಗಾಯ ತಪ್ಪಿಸುವ 1+ ಆರ್ಮರ್ ಸೇವ್ ಬಲ ನಾಲ್ಕರ ಹೊಡೆತಕ್ಕೆ 2+ ಆಗುತ್ತದೆ. ಒಂದು ಹೊಡೆತಕ್ಕೆ ಇಪ್ಪತ್ತನಾಲ್ಕರಲ್ಲಿ ಒಂದು. ಹತ್ತು ಹೊಡೆತಗಳಿಗೆ 0.4 ಗಾಯ, ಮೂರು ಸುತ್ತಿಗೆ ಒಂದೂಕಾಲು, ಒಂದು ಮೃಗಕ್ಕೆ ಮೂರು ಗಾಯಗಳ ಜೀವ. ಆದ್ದರಿಂದ ಅವರು ಡೆಮಿಗ್ರಿಫ್‌ಗಳನ್ನು ಸೋಲಿಸುತ್ತಾರೆ ಎಂದು ನಿರೀಕ್ಷಿಸಬೇಡಿ. ಎದುರಾಳಿಯ ಅತ್ಯುತ್ತಮ ತುಕಡಿಯನ್ನು ಒಂದೂವರೆ ಸರದಿ ಕಾಲ ಒಂದೇ ಜಾಗದಲ್ಲಿ ಕಟ್ಟಿಹಾಕುವುದಕ್ಕೆ ನೀವು ಕೊಡುತ್ತಿರುವ ಬೆಲೆ ಆ 240 ಪಾಯಿಂಟ್. ಡೆಮಿಗ್ರಿಫ್‌ಗಳನ್ನು ಕೊಲ್ಲುವುದಕ್ಕೆ ಸರಿಯಾದ ಸಾಧನ 120 ಪಾಯಿಂಟಿನ ಗ್ರೇಟ್ ಕ್ಯಾನನ್. ಅದರ ಗುಂಡಿಗೆ ಆರ್ಮರ್ ಸೇವ್ ಇಲ್ಲ, ಪ್ರತಿ ಗಾಯವೂ ಆರು ಮುಖದ ದಾಳದಷ್ಟು ಹೆಚ್ಚುತ್ತದೆ. ಆದರೆ ಫಿರಂಗಿಯಿಂದ ನಡೆಯುತ್ತಿರುವ ಕಾಳಗದೊಳಗೆ ಗುಂಡು ಹಾರಿಸುವಂತಿಲ್ಲವಾದ್ದರಿಂದ, ಅದರ ಕೆಲಸ ಹಾಲ್ಬರ್ಡಿಯರ್‌ಗಳ ಕೆಲಸಕ್ಕಿಂತ ಮೊದಲೇ ಮುಗಿಯಬೇಕು.


ಉತ್ತರ: ಹಳೆಯ_ಆವೃತ್ತಿ

ಮೇಲಿನ ಉತ್ತರವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಕುದುರೆಗಳ ಕಡೆಯಿಂದ ಬರುತ್ತೇನೆ, ಏಕೆಂದರೆ ನೈಟ್‌ಗಳ ಬಗ್ಗೆ ನಿಮಗಿರುವ ನಿರೀಕ್ಷೆ ಹಿಂದಿನ ಆವೃತ್ತಿಗಳದ್ದು ಎಂದು ನನಗೆ ಅನಿಸುತ್ತದೆ. ಹಳೆಯ ಲೇಖನಗಳನ್ನು ಓದಿ ಆಟಕ್ಕೆ ಬಂದವರಲ್ಲಿ ಇದನ್ನು ಅನೇಕ ಸಲ ಕಂಡಿದ್ದೇನೆ.

2000ರ ಆರನೆಯ ಆವೃತ್ತಿಯಲ್ಲೂ 2006ರ ಏಳನೆಯ ಆವೃತ್ತಿಯಲ್ಲೂ ನುಗ್ಗಿದವರೇ ಮೊದಲು ಹೊಡೆಯುತ್ತಿದ್ದರು, ಮುಂದಿನ ಸಾಲಿನಲ್ಲಿ ಸತ್ತವರ ಜಾಗಕ್ಕೆ ಹಿಂದಿನವರು ಬಂದು ಆ ಸುತ್ತಿನಲ್ಲಿ ತಿರುಗಿ ಹೊಡೆಯುವಂತಿರಲಿಲ್ಲ. ಐದು ನೈಟ್‌ಗಳು ನಾಲ್ವರನ್ನು ಕೊಂದರೆ ತಿರುಗಿ ಹೊಡೆಯಲು ಒಬ್ಬನು ಮಾತ್ರ ಉಳಿಯುತ್ತಿದ್ದ. ಮಗ್ಗುಲಿನಿಂದ ಐದು ಕುದುರೆಗಳು ಬಂದರೆ ಸಾಕು, ಹಿಂದಿನ ಸಾಲುಗಳಿಗೆ ಸಿಗುವ ಬೋನಸ್ ಅಂಕ ಪೂರ್ತಿಯಾಗಿ ಹೋಗುತ್ತಿತ್ತು; ಎಷ್ಟು ಅಂತರದಲ್ಲಿ ಸೋತರೋ ಅಷ್ಟನ್ನೂ ಲೀಡರ್‌ಶಿಪ್ಪಿನಿಂದ ಕಳೆದು ಟೆಸ್ಟ್ ಮಾಡಬೇಕಾಗುತ್ತಿತ್ತು. ಎಂಟನೆಯ ಆವೃತ್ತಿ ಈ ಮೂರನ್ನೂ ಬದಲಿಸಿತು. ಹೊಡೆತದ ಕ್ರಮ ಇನಿಶಿಯೇಟಿವ್ (ಚುರುಕಿನ ಅಂಕಿ) ಪ್ರಕಾರ ನಡೆಯುತ್ತದೆ, ಸತ್ತವರ ಜಾಗಕ್ಕೆ ಹಿಂದಿನವರು ಬಂದು ಹೊಡೆಯುತ್ತಾರೆ, ಆಳವಿದ್ದವರು ಸ್ಟೆಡ್‌ಫಾಸ್ಟ್ ಆಗುತ್ತಾರೆ. ಬೊಂಬೆ ಅದೇ, ಲ್ಯಾನ್ಸ್ ಅದೇ, ಆದರೆ ಆ ತುಕಡಿಯ ಬೆಲೆ ಬೇರೆಯಾಯಿತು.

ನಿಮ್ಮ ಐದು ನೈಟ್‌ಗಳು ಎದುರಿನಿಂದ ನುಗ್ಗಿದಾಗ ಏನಾಗುತ್ತದೆ ಎಂಬುದನ್ನು ಎರಡು ಸುತ್ತುಗಳ ತನಕ ನೋಡಿ. ಸುತ್ತನ್ನು ಗೆದ್ದವರಾರೆಂದು ಹೇಳುವ ಅಂಕಗಳು ಹೀಗೆ: ಮೊದಲ ಸುತ್ತಿನಲ್ಲಿ ನಿಮಗೆ 3.8 ಗಾಯ, ನುಗ್ಗಿದ್ದಕ್ಕೆ ಒಂದು, ಧ್ವಜಕ್ಕೆ ಒಂದು, ಸುಮಾರು 5.8. ಎದುರಿನವರದು ಅರ್ಧ ಗಾಯ, ಸಾಲುಗಳಿಗೆ ಮೂರು, ಧ್ವಜಕ್ಕೆ ಒಂದು, ಸುಮಾರು 4.6. ನೀವು ಒಂದರಿಂದ ಗೆಲ್ಲುತ್ತೀರಿ, ಅವರು ಸ್ಟೆಡ್‌ಫಾಸ್ಟ್ ಆಗಿ ನಿಲ್ಲುತ್ತಾರೆ. ಎರಡನೆಯ ಸುತ್ತಿನಲ್ಲಿ ಲ್ಯಾನ್ಸಿನ ಬಲ ಹೋಗಿ, ಸವಾರನ ಬಲ ಮೂರಕ್ಕೆ ಇಳಿದು, ನಿಮ್ಮ ಗಾಯಗಳು 2.4 ಆಗುತ್ತವೆ, ಧ್ವಜ ಸೇರಿ 3.4. ಅವರದು ಮತ್ತೆ 4.6. ಈಗ ನೀವು ಸೋತಿದ್ದೀರಿ, ನಿಮಗೆ ಸ್ಟೆಡ್‌ಫಾಸ್ಟ್ ಇಲ್ಲ. ನಿಮ್ಮ ನಾಲ್ಕು ಸೋಲುಗಳ ಕಥೆ ಇದೇ ಎಂದು ನನಗೆ ತೋರುತ್ತದೆ.

ಹಾಗಾದರೆ ಮಗ್ಗುಲಿನಿಂದ ಹೋದರೆ? ಐವರ ತುಕಡಿ ಹೋದರೆ ಮಗ್ಗುಲಿಗೆ ಒಂದು ಅಂಕ ಸಿಗುತ್ತದೆಯೇ ಹೊರತು ಸಾಲುಗಳ ಬೋನಸ್ ಕಳೆಯುವುದಿಲ್ಲ. ಅದಕ್ಕೆ ಐವರ ಎರಡು ಸಾಲುಗಳು, ಅಂದರೆ ಹತ್ತು ನೈಟ್‌ಗಳು, 220 ಪಾಯಿಂಟ್ ಬೇಕು. ಹತ್ತು ಮಂದಿ ಮಗ್ಗುಲಿಗೆ ನುಗ್ಗಿದರೆ 6.6 ಗಾಯಗಳಾಗಿ, ನುಗ್ಗಿದ್ದಕ್ಕೆ, ಮಗ್ಗುಲಿಗೆ, ಧ್ವಜಕ್ಕೆ ಮತ್ತು ಎರಡನೆಯ ಸಾಲಿಗೆ ತಲಾ ಒಂದು ಸೇರಿ 10.6 ಆಗುತ್ತದೆ. ಎದುರಿನವರದು ಒಂದೂವರೆಗಿಂತ ಕಡಿಮೆ. ಒಂಬತ್ತರ ಅಂತರದ ಭಾರಿ ಗೆಲುವು. ಆದರೂ 33 ಮಂದಿ ಉಳಿದ ಆ ತುಕಡಿಗೆ ಆರು ಸಾಲುಗಳಿವೆ, ನಿಮಗೆ ಎರಡು. ಅವರು ಇನ್ನೂ ಸ್ಟೆಡ್‌ಫಾಸ್ಟ್, ಲೀಡರ್‌ಶಿಪ್ 7ರಲ್ಲೂ ಶೇಕಡ 58ರಷ್ಟು ಸಲ ನಿಂತುಬಿಡುತ್ತಾರೆ. ಹಳೆಯ ಆವೃತ್ತಿಯಿಂದ ಬಂದವರಿಗೆ ಎಂಟನೆಯ ಆವೃತ್ತಿಯಲ್ಲಿ ಅತ್ಯಂತ ಕಹಿಯಾಗಿ ಕಾಣುವ ಜಾಗ ಇದು.

ಈಗ ಅದೇ ಹತ್ತು ನೈಟ್‌ಗಳು ಮಗ್ಗುಲಿಗೆ ಬರುವ ಪಾಳಿಯಲ್ಲಿಯೇ ನಿಮ್ಮ 40 ಹಾಲ್ಬರ್ಡಿಯರ್‌ಗಳೂ ಎದುರಿನಿಂದ ನುಗ್ಗುತ್ತಾರೆ ಎಂದುಕೊಳ್ಳಿ. ಇಬ್ಬರೂ ಎಂಟು ಸಾಲು ಆಳವಾಗಿದ್ದಾರೆ. ನಿಮ್ಮ ಹಾಲ್ಬರ್ಡಿಯರ್‌ಗಳು 3.3 ಮಂದಿಯನ್ನು ಕೊಲ್ಲುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಮಂದಿಯನ್ನು ಕಳೆದುಕೊಳ್ಳುತ್ತಾರೆ. ನಿಮ್ಮ ಕಡೆ 3.3 ಮತ್ತು 6.6 ಗಾಯಗಳು, ನುಗ್ಗಿದ್ದಕ್ಕೆ ಒಂದು, ಮಗ್ಗುಲಿಗೆ ಒಂದು, ಸಾಲುಗಳಿಗೆ ಮೂರು, ಧ್ವಜಕ್ಕೆ ಒಂದು; ಸುಮಾರು 16. ಅವರ ಕಡೆ ಸಾಲುಗಳ ಬೋನಸ್ ಇಲ್ಲದೆ ಸುಮಾರು 4.7. ಅಂತರ ಹನ್ನೊಂದು. ಮುಖ್ಯ ವಿಷಯವೆಂದರೆ ಅವರ ಬಳಿ ಉಳಿದಿರುವುದು 30 ಮಂದಿ, ಆರು ಸಾಲು. ನಿಮ್ಮ ಹಾಲ್ಬರ್ಡಿಯರ್‌ಗಳಲ್ಲಿ ಉಳಿದಿರುವುದು 36, ಏಳು ಸಾಲು. ಸ್ಟೆಡ್‌ಫಾಸ್ಟ್ ಹೋಯಿತು. ಲೀಡರ್‌ಶಿಪ್ 7ರಿಂದ ಹನ್ನೊಂದನ್ನು ಕಳೆದರೆ ಎರಡೂ ದಾಳಗಳಲ್ಲಿ ಒಂದೊಂದು ಬಿದ್ದಾಗ ಮಾತ್ರ ಅವರು ನಿಲ್ಲುತ್ತಾರೆ, 36ರಲ್ಲಿ ಒಂದು ಸಲ.

ಈ ಕಾಳಗದಲ್ಲಿ ಹಾಲ್ಬರ್ಡಿಯರ್‌ಗಳು ಕೊಂದದ್ದು ಮೂವರನ್ನು. ನಿಮ್ಮ ಅಳತೆಯ ಪ್ರಕಾರ ಅವರ ಪಾಲು ನೈಟ್‌ಗಳ ಪಾಲಿನ ಅರ್ಧ. ಆದರೆ ಎದುರಿನವರ ಸ್ಟೆಡ್‌ಫಾಸ್ಟನ್ನು ತೆಗೆದವರು ಅವರೇ. ಅವರಿಲ್ಲದಿದ್ದರೆ ನೈಟ್‌ಗಳ ಗೆಲುವು ಶೇಕಡ 58ರಷ್ಟು ಸಲ ವ್ಯರ್ಥ. ಚದುರಂಗ ಕಲಿಸುವಾಗ ಒಂದು ಕುದುರೆಗೆ ಮೂರು ಕಾಲಾಳುಗಳ ಬೆಲೆ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಇಲ್ಲಿ ಒಬ್ಬ ನೈಟ್‌ಗೆ ಮೂರೂವರೆಗಿಂತ ಸ್ವಲ್ಪ ಹೆಚ್ಚು ಹಾಲ್ಬರ್ಡಿಯರ್‌ಗಳ ಪಾಯಿಂಟ್ ಕೊಡುತ್ತೇವೆ. ಆ ಬೆಲೆ ಹುಟ್ಟುವುದು ಇಬ್ಬರೂ ಒಂದೇ ತುಕಡಿಯ ಮೇಲೆ ಬಿದ್ದಾಗ.

ಕುದುರೆಗಳಿಗೆ ನಾನು ಪಾಯಿಂಟ್ ಕೊಡುವ ಇನ್ನೊಂದು ಕಾರಣವೆಂದರೆ ಸಮಯವನ್ನು ಆರಿಸುವ ಶಕ್ತಿ. ಕಾಲಾಳು ನಾಲ್ಕು ಇಂಚಿಗೆ ಎರಡು ದಾಳ ಸೇರಿಸಿ ನುಗ್ಗುತ್ತಾನೆ. ಬಾರ್ಡಿಂಗ್ (ಕುದುರೆಯ ಕವಚ) ತೊಟ್ಟ ಕುದುರೆ ಏಳು ಇಂಚಿಗೆ, ಮೂರು ದಾಳ ಎಸೆದು ಅತಿ ಕಡಿಮೆಯದನ್ನು ಬಿಟ್ಟು, ಉಳಿದೆರಡನ್ನು ಸೇರಿಸುತ್ತದೆ. ಹನ್ನೊಂದು ಇಂಚಿನ ದೂರವನ್ನು ಕಾಲಾಳು ಮುಟ್ಟುವ ಸಾಧ್ಯತೆ ಶೇಕಡ 58, ಕುದುರೆ ಮುಟ್ಟುವ ಸಾಧ್ಯತೆ ಶೇಕಡ 98. ಹದಿನಾಲ್ಕು ಇಂಚಿಗೂ ಕುದುರೆಯದು ಶೇಕಡ 81. ಕಾಲಾಳುಗಳು ಎದುರಿನಿಂದ ನುಗ್ಗುವ ಪಾಳಿಯಲ್ಲಿಯೇ ಮಗ್ಗುಲಿಗೆ ತಲುಪುವ ಭರವಸೆ ಬೇಕಿದ್ದರೆ ಅದನ್ನು ಕೊಡುವುದು ಈ ಮೂರನೆಯ ದಾಳ. ಆದ್ದರಿಂದ ನೈಟ್‌ಗಳನ್ನು ಮೊದಲೆರಡು ಸರದಿಗಳಲ್ಲಿ ಸುಮ್ಮನೆ ಕಾಯಿಸಿದರೆ ಪಾಯಿಂಟ್ ವ್ಯರ್ಥವಾಯಿತೆಂದು ತಿಳಿಯಬೇಡಿ.


ಉತ್ತರ: ಮೂರನೆಯ_ಸಾಲು

ಇಬ್ಬರೂ ಐವರ ಸಾಲನ್ನೇ ಮಾದರಿಯಾಗಿ ತೆಗೆದುಕೊಂಡಿದ್ದೀರಿ. ನಾನು ಸ್ವಲ್ಪ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ಅದೇ 40 ಹಾಲ್ಬರ್ಡಿಯರ್‌ಗಳನ್ನು ಹತ್ತು ಮಂದಿಯ ಸಾಲಿನಲ್ಲಿ ಹೋರ್ಡ್ ಆಗಿ ನಿಲ್ಲಿಸಿದರೆ ಮೂರು ಸಾಲುಗಳು ಹೊಡೆಯುತ್ತವೆ. ಐವರ ಸಾಲಿನ ಎದುರಾಳಿಯನ್ನು ಮೂಲೆಯವರೂ ಸೇರಿ ಏಳು ಮಂದಿ ಮುಟ್ಟುತ್ತಾರೆ, 21 ಹೊಡೆತ, ಸುತ್ತಿಗೆ ಏಳು ಸಾವು. ಎದುರಿನವರು 40ರಿಂದ 33, 26, 19ಕ್ಕೆ ಇಳಿಯುತ್ತಾರೆ. ನಿಮ್ಮವರು ಮೂರು ಸುತ್ತಿನ ಬಳಿಕವೂ 30 ಇರುತ್ತಾರೆ. ಆಗ ಇಬ್ಬರಿಗೂ ಮೂರೇ ಸಾಲು, ಅಂದರೆ ಮೂರನೆಯ ಸುತ್ತಿನಲ್ಲಿ ಮಗ್ಗುಲಿನ ಸಹಾಯವಿಲ್ಲದೆಯೇ ಅವರ ಸ್ಟೆಡ್‌ಫಾಸ್ಟ್ ಹೋಗುತ್ತದೆ. ಆದ್ದರಿಂದ ಒಂದೇ ತುಕಡಿಗೆ ಎರಡು ಬೆಲೆಗಳಿವೆ: ಎಂಟು ಸಾಲು ಆಳವಾದಾಗ ಅದು ಗೋಡೆ, ಹತ್ತು ಮಂದಿ ಅಗಲವಾದಾಗ ಅದು ಕೊಡಲಿ. ಡೆಮಿಗ್ರಿಫ್‌ಗಳ ಮುಂದೆ ಹೋರ್ಡ್ ನಿಲ್ಲಿಸುವುದನ್ನು ಮಾತ್ರ ನಾನೂ ಒಪ್ಪುವುದಿಲ್ಲ. ನಾಲ್ಕು ಸಾಲುಗಳ ಹೋರ್ಡ್ ಬಹಳ ಬೇಗ ತೆಳುವಾಗುತ್ತದೆ.

ಗೋಡೆಯೇ ಬೇಕೆಂದರೆ ಸ್ವೋರ್ಡ್ಸ್‌ಮೆನ್‌ಗಳನ್ನೂ (ಕತ್ತಿ ಹಿಡಿದ ಕಾಲಾಳುಗಳನ್ನೂ) ಪರಿಗಣಿಸಿ. ತಲಾ 7 ಪಾಯಿಂಟ್ ಎಂದು ಅನೇಕರು ಅವರನ್ನು ಬಿಟ್ಟುಬಿಡುತ್ತಾರೆ. ವೆಪನ್ ಸ್ಕಿಲ್ (ಕಾಳಗದ ಕೌಶಲ) 4 ಇರುವುದರಿಂದ ಡೆಮಿಗ್ರಿಫ್‌ಗಳು ಅವರನ್ನು 3+ ಬದಲು 4+ಕ್ಕೆ ಹಿಟ್ ಮಾಡಬೇಕು, ಜೊತೆಗೆ 6+ ಪ್ಯಾರಿ (ಹೊಡೆತ ತಡೆಯುವ ಅವಕಾಶ) ಇದೆ. ನುಗ್ಗಿದ ಸುತ್ತಿನ ಸಾವು 9.2ರಿಂದ 6.7ಕ್ಕೆ ಇಳಿಯುತ್ತದೆ. ಪಾಯಿಂಟಿನಲ್ಲಿ ಹೇಳುವುದಾದರೆ ಹಾಲ್ಬರ್ಡಿಯರ್‌ಗಳು ಒಂದು ಸುತ್ತಿಗೆ 55 ಪಾಯಿಂಟ್ ಕಳೆದುಕೊಳ್ಳುವಲ್ಲಿ ಸ್ವೋರ್ಡ್ಸ್‌ಮೆನ್‌ಗಳು 47 ಕಳೆದುಕೊಳ್ಳುತ್ತಾರೆ. ಅವರು ಯಾರನ್ನೂ ಕೊಲ್ಲುವುದಿಲ್ಲ ಎಂಬ ಆಕ್ಷೇಪ ನಿಜ. ಗೋಡೆಗೆ ಅದು ದೊಡ್ಡ ಕೊರತೆಯಲ್ಲ.

ಗ್ರೇಟ್‌ಸ್ವೋರ್ಡ್ಸ್, ಅಂದರೆ ದೊಡ್ಡ ಕತ್ತಿಯ ಕಾಲಾಳುಗಳು, ಬೇರೆಯದೇ ಜಾತಿ. ತಲಾ 11 ಪಾಯಿಂಟ್, ಫುಲ್ ಪ್ಲೇಟ್ ಕವಚ, ಲೀಡರ್‌ಶಿಪ್ 8, ಎಲ್ಲಕ್ಕಿಂತ ಮಿಗಿಲಾಗಿ ಸ್ಟಬರ್ನ್. ಅವರಿಗೆ ಸಾಲುಗಳ ಲೆಕ್ಕವೇ ಬೇಡ. ಕೊನೆಯ ಮನುಷ್ಯನ ತನಕ ಲೀಡರ್‌ಶಿಪ್ಪಿನಲ್ಲಿ ಕಡಿತವಿಲ್ಲ. ಬಲ ಐದರ ಕತ್ತಿಗಳು ಡೆಮಿಗ್ರಿಫ್‌ಗಳ ಮೇಲೆ ಹತ್ತು ಹೊಡೆತಕ್ಕೆ 1.1 ಗಾಯ ಮಾಡುತ್ತವೆ, ಹಾಲ್ಬರ್ಡಿಯರ್‌ಗಳ ಸುಮಾರು ಎರಡೂವರೆ ಪಟ್ಟು. ಆದರೆ ಜನ ತೆಗೆದುಕೊಳ್ಳುವ 20 ಮಂದಿಯ ತುಕಡಿ ಸಾಲದು. ಗ್ರೇಟ್ ವೆಪನ್ ಇರುವುದರಿಂದ ಅವರು ಕೊನೆಯಲ್ಲಿ ಹೊಡೆಯುತ್ತಾರೆ, ಸುತ್ತಿಗೆ ಸುಮಾರು ಏಳು ಮಂದಿ ಸಾಯುತ್ತಾರೆ. ಎರಡನೆಯ ಸುತ್ತು ಮುಗಿಯುವಾಗ ಉಳಿಯುವುದು ಆರು ಮಂದಿ. 30 ಮಂದಿ ಇದ್ದರೆ ಮೂರು ಸುತ್ತುಗಳಲ್ಲಿ ಒಂದು ಮೃಗವಾದರೂ ಬೀಳುತ್ತದೆ. 330 ಪಾಯಿಂಟ್ ಕೊಡಲು ಮನಸ್ಸಿಲ್ಲದಿದ್ದರೆ 220 ಕೊಡುವುದಕ್ಕಿಂತ ಅವರನ್ನು ಬಿಟ್ಟುಬಿಡುವುದೇ ಮೇಲು ಎಂದು ನನ್ನ ಅಭಿಪ್ರಾಯ.


ಹೊಸ_ಮೇಜು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಜನರಲ್ ಎಲ್ಲಿದ್ದರು ಎಂದು ಕೇಳಿದಿರಿ. ಹೌದು, ನಾಲ್ಕೂ ಆಟಗಳಲ್ಲಿ ಅವರು ನೈಟ್‌ಗಳ ತುಕಡಿಯಲ್ಲಿಯೇ ಇದ್ದರು, ಎರಡನೆಯ ಸರದಿಯ ಹೊತ್ತಿಗೆ ಹಾಲ್ಬರ್ಡಿಯರ್‌ಗಳಿಂದ 20 ಇಂಚು ದೂರ ಹೋಗಿರುತ್ತಿದ್ದರು. ಮಗ್ಗುಲಿನ ಲೆಕ್ಕವನ್ನು ನಾನು ಕಾಗದದಲ್ಲಿ ಮತ್ತೆ ಮಾಡಿ ನೋಡಿದೆ, ಹನ್ನೊಂದರ ಅಂತರ ಸರಿಯಾಗಿಯೇ ಬಂತು.

ಇನ್ನೊಂದು ಸಂದೇಹವಿದೆ. ಕಾಳಗ ಮೂರು ಸುತ್ತು ನಡೆಯುತ್ತದೆ ಎಂದಾದರೆ, ಒಂದೇ ಸುತ್ತಿಗೆ ಬಲ ಕೊಡುವ ಲ್ಯಾನ್ಸನ್ನು ಬಿಟ್ಟು ನನ್ನ ಡೆಮಿಗ್ರಿಫ್ ಸವಾರರಿಗೆ ಹಾಲ್ಬರ್ಡ್ ಕೊಡುವುದು ಉತ್ತಮವಲ್ಲವೇ?


ಉತ್ತರ: ದಾಳದ_ಲೆಕ್ಕ

ಎದುರಾಳಿ ಯಾರು ಎಂಬುದರ ಮೇಲೆ ನಿಂತಿದೆ. ಹಾಲ್ಬರ್ಡ್ ಕೊಟ್ಟರೆ ಸವಾರನಿಗೆ ಪ್ರತಿ ಸುತ್ತಿನಲ್ಲೂ ಬಲ ಐದು. ಟಫ್‌ನೆಸ್ (ಗಾಯ ತಾಳುವ ಅಂಕಿ) 3ರ ಕಾಲಾಳುಗಳ ಮೇಲೆ ಬಲ ಐದಕ್ಕೂ ಲ್ಯಾನ್ಸಿನ ಬಲ ಆರಕ್ಕೂ ವ್ಯತ್ಯಾಸವಿಲ್ಲ, ಎರಡೂ 2+ಕ್ಕೆ ಗಾಯ ಮಾಡುತ್ತವೆ. ಲಾಭ ಬರುವುದು ಎರಡನೆಯ ಸುತ್ತಿನಿಂದ: ಮೂವರು ಸವಾರರಿಗೆ ಸೇರಿ 1.3ರ ಬದಲು 1.7 ಗಾಯ. ನಷ್ಟವೆಂದರೆ, ಎರಡು ಕೈಯ ಆಯುಧ ಹಿಡಿದಾಗ ಕಾಳಗದಲ್ಲಿ ಗುರಾಣಿ ಲೆಕ್ಕಕ್ಕೆ ಬರುವುದಿಲ್ಲ, ಸೇವ್ 2+ ಆಗುತ್ತದೆ. ಬಲ ನಾಲ್ಕರ ಹಾಲ್ಬರ್ಡಿಯರ್‌ಗಳ ಮುಂದೆ ಅದು 3+. ದಾಳದಲ್ಲಿ ಒಂದಕ್ಕೆ ಮಾತ್ರ ಸೋಲುತ್ತಿದ್ದದ್ದು ಈಗ ಒಂದಕ್ಕೂ ಎರಡಕ್ಕೂ ಸೋಲುತ್ತದೆ. ಅಂದರೆ ನಿಮಗಾಗುವ ಗಾಯಗಳು ಸರಿಯಾಗಿ ಎರಡು ಪಟ್ಟು.

ನಿಮ್ಮ ಸ್ನೇಹಿತರ ಸೈನ್ಯದಲ್ಲಿ ಕಾಲಾಳುಗಳೇ ಹೆಚ್ಚಾದ್ದರಿಂದ ಲ್ಯಾನ್ಸ್ ಮತ್ತು ಗುರಾಣಿಯನ್ನೇ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ದಪ್ಪ ಕವಚದ ಅಥವಾ ಹೆಚ್ಚಿನ ಟಫ್‌ನೆಸ್ಸಿನ ಶತ್ರುಗಳ ಜೊತೆ ದೀರ್ಘ ಕಾಳಗ ಮಾಡಬೇಕಾದ ದಿನ ಹಾಲ್ಬರ್ಡ್ ತನ್ನ ಬೆಲೆ ತೋರಿಸುತ್ತದೆ.


ಉತ್ತರ: ಪಿಸ್ತೂಲು_ಸವಾರ

ಇಲ್ಲಿಯವರೆಗಿನ ಚರ್ಚೆಯೆಲ್ಲ ಹೊಡೆಯುವ ಮತ್ತು ನಿಲ್ಲುವ ತುಕಡಿಗಳದ್ದು. ಎರಡನ್ನೂ ಮಾಡದ, ಆದರೂ ನಾನು ಎಂದಿಗೂ ಬಿಡದ ತುಕಡಿಗಳಿವೆ. ಅವುಗಳನ್ನು ಕೊಲ್ಲುವ ಲೆಕ್ಕದಲ್ಲಿ ಅಳೆದರೆ ಶೂನ್ಯವೇ ಬರುತ್ತದೆ.

ಹಳೆಯ_ಆವೃತ್ತಿ ಅವರು ವಿವರಿಸಿದ ಎದುರು ಮತ್ತು ಮಗ್ಗುಲಿನ ಜೋಡಿ ದಾಳಿಗೆ ಒಂದು ಪೂರ್ವಸಿದ್ಧತೆ ಬೇಕು: ಎದುರಾಳಿಯ ತುಕಡಿ ನಿಮಗೆ ಬೇಕಾದ ಕಡೆಗೆ ಮುಖ ಮಾಡಿರಬೇಕು, ನಿಮಗೆ ಬೇಕಾದ ಸರದಿಯಲ್ಲಿ. ಈ ಕೆಲಸಕ್ಕೆ ನಾನು ಐದು ಪಿಸ್ಟೋಲಿಯರ್‌ಗಳನ್ನು (ಪಿಸ್ತೂಲು ಹಿಡಿದ ಸವಾರರನ್ನು) ಇಡುತ್ತೇನೆ, ತಲಾ 18ರಂತೆ 90 ಪಾಯಿಂಟ್. ಫಾಸ್ಟ್ ಕ್ಯಾವಲ್ರಿ (ವೇಗದ ಕುದುರೆ ಪಡೆ) ಆದ್ದರಿಂದ ಆಟ ಆರಂಭವಾಗುವ ಮೊದಲೇ ವ್ಯಾನ್‌ಗಾರ್ಡ್ ಚಲನೆಯಲ್ಲಿ ಮುಂದೆ ಹೋಗುತ್ತಾರೆ. ಡೆಮಿಗ್ರಿಫ್‌ಗಳ ಮುಂದೆ ಅವರನ್ನು ಓರೆಯಾಗಿ ನಿಲ್ಲಿಸಿದರೆ ಎದುರಾಳಿಗೆ ಎರಡೇ ದಾರಿ: ಅವರ ಮೇಲೆ ನುಗ್ಗಬೇಕು, ಇಲ್ಲವೇ ಅಲ್ಲಿಯೇ ನಿಲ್ಲಬೇಕು. ನುಗ್ಗಿದರೆ ಪಿಸ್ಟೋಲಿಯರ್‌ಗಳು ಓಡುವುದನ್ನು ಆರಿಸಿಕೊಂಡು, ಮುಂದಿನ ಸರದಿಯಲ್ಲಿ ಸುಧಾರಿಸಿಕೊಂಡರೆ ಮತ್ತೆ ಚಲಿಸಬಲ್ಲರು. ಆಗ ಬೇರೆ ಯಾರನ್ನೂ ಮುಟ್ಟಲಾಗದ ಡೆಮಿಗ್ರಿಫ್‌ಗಳು ಅರ್ಧ ದಾರಿಯಲ್ಲಿ, ತಪ್ಪು ದಿಕ್ಕಿಗೆ ಮುಖ ಮಾಡಿ, ನಿಮ್ಮ ಫಿರಂಗಿಯ ಎದುರು ನಿಂತಿರುತ್ತವೆ. ಒಂದು ಪಿಸ್ತೂಲನ್ನೂ ಹಾರಿಸದೆ ಆ 90 ಪಾಯಿಂಟ್ ಎದುರಾಳಿಯ 174 ಪಾಯಿಂಟನ್ನು ಒಂದು ಸರದಿ ಆಟದಿಂದ ಹೊರಗಿಟ್ಟಿತು. ಅವರು ಸುಧಾರಿಸಿಕೊಳ್ಳದೆ ಮೇಜಿನ ಅಂಚು ದಾಟಿ ಹೋದ ಆಟಗಳೂ ಇವೆ. ಆದ್ದರಿಂದ ಅಂಚಿಗೆ ತೀರ ಹತ್ತಿರ ನಿಲ್ಲಿಸಬೇಡಿ.

ಎರಡನೆಯದು ಎಂಪೈರ್‌ಗೆ ಮಾತ್ರ ಸೇರಿದ ಡಿಟ್ಯಾಚ್‌ಮೆಂಟ್. 40 ಹಾಲ್ಬರ್ಡಿಯರ್‌ಗಳ ತಾಯಿ ತುಕಡಿಗೆ ಅದರ ಅರ್ಧದಷ್ಟರವರೆಗೆ, ಅಂದರೆ 20 ಮಂದಿಯ ತನಕ, ಸಣ್ಣ ತುಕಡಿಯನ್ನು ಜೋಡಿಸಬಹುದು. ತಾಯಿ ತುಕಡಿಯ ಮೇಲೆ ಯಾರಾದರೂ ನುಗ್ಗಿದಾಗ ಮೂರು ಇಂಚಿನೊಳಗಿರುವ ಡಿಟ್ಯಾಚ್‌ಮೆಂಟ್ ಎದುರಾಳಿಯ ಪಾಳಿಯಲ್ಲಿಯೇ ಕೌಂಟರ್ ಚಾರ್ಜ್ (ಪ್ರತಿಯಾಗಿ ನುಗ್ಗುವುದು) ಮಾಡಬಲ್ಲದು. ಮಗ್ಗುಲಿನ ದಾಳಿಗೆ ಯಾವಾಗಲೂ ಕುದುರೆಯೇ ಬೇಕೆಂದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ: 10 ಹಾಲ್ಬರ್ಡಿಯರ್‌ಗಳು, 60 ಪಾಯಿಂಟ್, ಐವರ ಎರಡು ಸಾಲು. ನುಗ್ಗಿ ಬಂದವರ ಮಗ್ಗುಲಿಗೆ ಇವರು ತಗುಲಿದರೆ ಸಾಲುಗಳ ಬೋನಸ್ ಹೋಗುತ್ತದೆ; ಆದರೆ ಆ ಹತ್ತರಲ್ಲಿ ಒಬ್ಬನು ಬಿದ್ದರೂ ಎರಡನೆಯ ಸಾಲಿಗೆ ನಾಲ್ವರೇ ಉಳಿಯುತ್ತಾರೆ, ಸಾಲು ತುಂಬುವುದಿಲ್ಲ. ಆದ್ದರಿಂದ ನಾನು 12 ಅಥವಾ 13 ಮಂದಿಯನ್ನು ತೆಗೆದುಕೊಳ್ಳುತ್ತೇನೆ. ಹೆಚ್ಚುವರಿ ಹದಿನೆಂಟು ಪಾಯಿಂಟಿನಲ್ಲಿ ಇಷ್ಟು ಭದ್ರತೆ ಆರ್ಮಿ ಬುಕ್ಕಿನ ಬೇರೆ ಯಾವ ಪುಟದಲ್ಲೂ ನನಗೆ ಸಿಕ್ಕಿಲ್ಲ.


ಹೊಸ_ಮೇಜು

ಇಷ್ಟು ತಾಳ್ಮೆಯಿಂದ ವಿವರಿಸಿದ್ದಕ್ಕೆ ಎಲ್ಲರಿಗೂ ಋಣಿಯಾಗಿದ್ದೇನೆ. ಪಟ್ಟಿಯನ್ನು ಬದಲಿಸಿದ್ದೇನೆ. ಐದೈದರ ಎರಡು ನೈಟ್ ತುಕಡಿಗಳನ್ನು ಸೇರಿಸಿ ಹತ್ತರ ಒಂದು ತುಕಡಿ ಮಾಡಿದೆ. 40 ಹಾಲ್ಬರ್ಡಿಯರ್‌ಗಳು ಐವರ ಸಾಲಿನಲ್ಲಿ, ಅವರ ಬಲಕ್ಕೆ 13 ಮಂದಿಯ ಡಿಟ್ಯಾಚ್‌ಮೆಂಟ್, ಜನರಲ್ ಹಾಲ್ಬರ್ಡಿಯರ್‌ಗಳ ಮೊದಲ ಸಾಲಿನಲ್ಲಿ, ಮುಖ್ಯ ಧ್ವಜಧಾರಿ ಅವರ ಪಕ್ಕದಲ್ಲಿ. 20 ಗ್ರೇಟ್‌ಸ್ವೋರ್ಡ್ಸ್ ಇದ್ದವು, ಅವುಗಳನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲಿಟ್ಟು ಆ 220 ಪಾಯಿಂಟಿನಲ್ಲಿ ಐದು ಪಿಸ್ಟೋಲಿಯರ್‌ಗಳನ್ನೂ ಒಂದು ಫಿರಂಗಿಯನ್ನೂ ತೆಗೆದುಕೊಂಡಿದ್ದೇನೆ. ಹತ್ತು ಪಾಯಿಂಟ್ ಉಳಿಯಿತು, ಅದು ನೈಟ್‌ಗಳ ಧ್ವಜಕ್ಕೆ ಹೋಯಿತು.

ಭಾನುವಾರ ಆಟವಿದೆ. ಸ್ನೇಹಿತನಿಗೆ ಈ ಚರ್ಚೆಯನ್ನು ತೋರಿಸಿಲ್ಲ. ಹಾಲ್ಬರ್ಡಿಯರ್‌ಗಳು ಡೆಮಿಗ್ರಿಫ್‌ಗಳ ಮುಂದೆ ಎಷ್ಟು ಸುತ್ತು ನಿಂತರು, ಪ್ರತಿ ಸುತ್ತಿನಲ್ಲಿ ಎಷ್ಟು ಮಂದಿ ಉಳಿದರು ಎಂಬುದನ್ನು ಬರೆದಿಟ್ಟುಕೊಂಡು, ಸೋಮವಾರ ಸಂಜೆ ಇಲ್ಲಿಯೇ ಹಾಕುತ್ತೇನೆ.